ತೊಯ್ದ ಹಗ್ಗದ ಗಂಟು

ಕತ್ತರಿ ತೆಗೆದುಕೊಳ್ಳಲು ಕೈ ಚಾಚಿದೆ. ಕೈ ಮುಚ್ಚಿಕೊಂಡಿತು.

ಶುರುವಾದದ್ದು ಇಷ್ಟೇ. ಚಿತ್ತವಾಡ್ಗಿಯ ಅಕ್ಕನ ಮನೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದೆ. ಪಕ್ಕದ ಮನೆಯವರ ಜಂಪರಿನ ಬಟ್ಟೆ ಮುಂದಿತ್ತು, ಸೀಮೆಸುಣ್ಣದ ಗೆರೆಯೂ ಬಿದ್ದಿತ್ತು. ಬಲಗೈಯ ನಾಲ್ಕೂ ಬೆರಳು ಒಳಕ್ಕೆ ಮಡಚಿಕೊಂಡವು. ಹೆಬ್ಬೆರಳು ಬಂದು ಅವುಗಳ ಮೇಲೆ ಕುಳಿತಿತು. ಜೋಮು ಹಿಡಿದಿರಬೇಕೆಂದು ಕೈ ಕೊಡವಿದೆ. ಮಷೀನಿಗೆ ಕುಟ್ಟಿದೆ. ಬಿಡಲಿಲ್ಲ.

ಅಕ್ಕ ಬಿಸಿನೀರು ಹಾಕಿದಳು, ಔಡಲೆಣ್ಣೆ ತಿಕ್ಕಿದಳು. ಕಿರುಬೆರಳನ್ನು ಬಿಡಿಸಲು ನೋಡಿದಾಗ ನಾನು ಕೂಗಿದ ಕೂಗಿಗೆ ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಭಾವ ಸಂಡೂರಿನಿಂದ ಅದಿರಿನ ಲಾರಿ ಇಳಿಸಿ, ಮೈತುಂಬಾ ಕೆಂಪು ಧೂಳು ಹೊತ್ತು ಬಂದವರು ನನ್ನ ಕೈ ನೋಡಿ ಚಪ್ಪಲಿ ಬಿಡುವುದನ್ನೂ ಮರೆತರು.

"ಲಕ್ವಾ ಹೊಡದಿರಬೇಕು. ಜಲ್ದಿ ದವಾಖಾನಿಗೆ ನಡೀರಿ."

ಲಕ್ವಾ. ಈಗ ಕೈ, ಮುಂದೆ ಕಾಲು, ಆಮೇಲೆ ಬಾಯಿ. ಆಟೋದಲ್ಲಿ ಕುಳಿತು ಹಾದಿಯುದ್ದಕ್ಕೂ ನಾಲಿಗೆ ಹೊರಳುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಾ ಹೋದೆ. ಕಾಲುವೆ ಸೇತುವೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಹೊಳೆ ಬಂದ ಮೇಲೆ ಆ ಸೇತುವೆಯನ್ನು ನಾನು ಕಣ್ಣು ಬಿಟ್ಟು ದಾಟಿರಲೇ ಇಲ್ಲ.

ಹೊಳೆ ಬಂದದ್ದು ಶ್ರಾವಣದಲ್ಲಿ. ನಮ್ಮೂರು ಬುಕ್ಕಸಾಗರ. ಡ್ಯಾಮಿನ ಗೇಟು ತೆಗೆದಾಗ ಹೊಳೆ ತುಂಬುವುದು ನಮಗೆ ಹೊಸದಲ್ಲ, ಗದ್ದೆಗೆ ನೀರು ನುಗ್ಗುವುದೂ ಹೊಸದಲ್ಲ. ಆ ವರ್ಷ ಅದು ಮನೆಯೊಳಗೆ ಬಂತು. ಗೋಡೆ ಬಿತ್ತು. ನಾವು ಮೂವರೂ, ಅಂದರೆ ನಾನು, ನಮ್ಮ ಮನೆಯವರು, ಅತ್ತೆ, ಅಕ್ಕನ ಮನೆ ಸೇರಿದೆವು. ನೀರು ಇಳಿದ ಮೇಲೆ ಅವರಿಬ್ಬರೂ ಊರಿಗೆ ಮರಳಿ ತಗಡು ಹೊದಿಸಿ ಗದ್ದೆ ನೋಡಿಕೊಂಡರು. ನಾನು ಹೋಗಲಿಲ್ಲ. ಮಷೀನು ತರಿಸಿಕೊಂಡು ಇಲ್ಲೇ ಹೊಲಿಯುತ್ತೇನೆ ಎಂದೆ. ಹೊಲಿಗೆ ನೆಪ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನ್ನ ಅಂಗೈಗೆ ಎಲ್ಲವೂ ಬೇಕಾದವು. ಎಕ್ಸ್‌ರೇ, ರಕ್ತ ಪರೀಕ್ಷೆ, ನರಕ್ಕೆ ಕರೆಂಟು ಕೊಟ್ಟು ನೋಡುವ ಪರೀಕ್ಷೆ, ಕೊನೆಗೆ ತಲೆಯ ಎಂಆರ್‌ಐ. ಡಾಕ್ಟರು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದರು.

"ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ್ರಿ."

ಅಕ್ಕ ಕೈಮುಗಿದಳು. ನಾನು ಹೆದರಿದೆ. ರೋಗಕ್ಕೆ ಹೆಸರಿದ್ದರೆ ಔಷಧಕ್ಕೂ ಹೆಸರಿರುತ್ತದೆ. ಏನೂ ಇಲ್ಲದ್ದಕ್ಕೆ ಏನು ಕೊಡುತ್ತಾರೆ?

"ಹಂಗಾದ್ರ ನಾ ನಾಟಕ ಮಾಡಾಕತ್ತೀನೇನ್ರಿ?" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ, ಒಳಗೆ ನಡುಕ ಇದ್ದಷ್ಟೂ ಹೊರಗೆ ಜೋರು.

"ನಾಟಕ ಅಂತ ಯಾರಂದ್ರು? ಕೈಗೆ ಏನೂ ಆಗಿಲ್ಲ. ಹಂಗಂತ ನಿಮಗ ಏನೂ ಆಗಿಲ್ಲ ಅಂತಲ್ಲ," ಎಂದರು ಡಾಕ್ಟರು. ಇದಕ್ಕೆ ಫಂಕ್ಷನಲ್ ಎನ್ನುತ್ತಾರಂತೆ. ತಂತಿ, ಬಲ್ಬು ಎಲ್ಲಾ ಸರಿ ಇದ್ದು ದೀಪ ಹತ್ತದ ಹಾಗೆ. ಫಿಸಿಯೋಥೆರಪಿ ಬರೆದರು, ಮಾನಸಿಕ ವಿಭಾಗಕ್ಕೆ ಚೀಟಿ ಕೊಟ್ಟರು. ಆ ಚೀಟಿಯನ್ನು ನಾನು ಬಹಳ ದಿನ ಸೆರಗಿನಲ್ಲೇ ಕಟ್ಟಿಟ್ಟುಕೊಂಡಿದ್ದೆ. ಮಾನಸಿಕ ಅಂದರೆ ಹುಚ್ಚು ಎಂದೇ ನಾವು ತಿಳಿದವರು.

ಮುಚ್ಚಿದ ಕೈ ಹೇಗಿರುತ್ತದೆ ಎಂದು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅದು ನಾರುತ್ತದೆ. ಒಳಗೆ ಬೆವರು ಕೂತು ಚರ್ಮ ಬೆಳ್ಳಗೆ ಮೆತ್ತಗಾಗುತ್ತದೆ. ಉಗುರು ಬೆಳೆದು ಅಂಗೈಗೆ ಚುಚ್ಚುತ್ತದೆ. ಅಕ್ಕ ಬೆರಳ ಸಂದಿಯಲ್ಲಿ ಪಂಚೆಯ ಚೂರು ತುರುಕಿ, ಪೌಡರು ಹಾಕಿ, ಒಂದೊಂದೇ ಉಗುರನ್ನು ಅಳುತ್ತಾ ಕತ್ತರಿಸುತ್ತಿದ್ದಳು. ನನಗೆ ಜಂಪರಿನ ಗುಂಡಿ ಹಾಕುವವಳು ಅವಳೇ, ತಲೆ ಬಾಚುವವಳೂ ಅವಳೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ನನ್ನ ಪಾಲಿಗೆ ಬರೀ ಗಾದೆಯಾಗಿ ಉಳಿಯಲಿಲ್ಲ.

ಓಣಿಯ ನಲ್ಲಿಗೆ ನೀರು ಬಂದ ದಿನ ಇನ್ನೂ ಕಷ್ಟ. ಸಿಂಟೆಕ್ಸ್ ತುಂಬುವ ಸದ್ದು ಕೇಳಿದ ಕೂಡಲೇ ಮುಷ್ಟಿ ಮತ್ತಷ್ಟು ಬಿಗಿಯುತ್ತಿತ್ತು. ಎದೆ ಡವಗುಟ್ಟುತ್ತಿತ್ತು. ನೀರು ತೊಟ್ಟಿಯೊಳಗೆ ಬೀಳುತ್ತಿದೆ ಎಂದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಅವು ಮಂಚ ಹತ್ತಿ ನಿಲ್ಲುತ್ತಿದ್ದವು. ಸ್ನಾನಕ್ಕೆ ಕುಳಿತರೆ ಅಕ್ಕ ಬಾಗಿಲಲ್ಲಿ ನಿಂತು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ನಾನು ಒದ್ದೆ ಮೈಯಲ್ಲೇ ಹೊರಗೆ ಬರುತ್ತಿದ್ದೆ. ಹೀಗೇ ಆದರೆ ಒಂದು ದಿನ ಉಸಿರೂ ಕೈಯ ಹಾಗೆ ಮುಚ್ಚಿಕೊಳ್ಳುತ್ತದೆ ಎಂದು ನನಗೆ ಗಟ್ಟಿಯಾಗಿ ಅನಿಸಿತು. ಆ ಭಯದಲ್ಲೇ ಚೀಟಿ ಬಿಚ್ಚಿದೆ.

ಮಾನಸಿಕ ವಿಭಾಗದವರು ಕಳುಹಿಸಿದ್ದು ಆಸ್ಪತ್ರೆಯ ಹಿಂದಿನ ಒಂದು ಹಾಲಿಗೆ. ಹೊಳೆಯಿಂದ ತೊಂದರೆಯಾದವರಿಗೆ ಅಲ್ಲಿ ವಾರಕ್ಕೊಮ್ಮೆ ಆರ್ಟ್ ಥೆರಪಿ. ಸಹನಾ ಮೇಡಂ ಎಂಬ ಮೈಸೂರು ಕಡೆಯ ಹೆಣ್ಣುಮಗಳು ನಡೆಸುತ್ತಿದ್ದರು. ಚಾಪೆ, ಹಾಳೆ, ಬಣ್ಣದ ಕಡ್ಡಿ. ನನಗೆ ಮೈಯೆಲ್ಲಾ ಉರಿಯಿತು.

"ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ, ಮನಸ್ಸಿಗೆ ಏನು ಬರುತ್ತೋ ಅದನ್ನ ಬರೀರಿ," ಎಂದರು.

"ಮೇಡಮ್ಮರ, ನನ್ನ ಕೈ ಮುಚ್ಚೈತ್ರಿ. ಔಷಧಕ್ಕ ಬಂದೀನಿ. ಅಂಗನವಾಡಿ ಹುಡುಗರಂಗ ಚಿತ್ರ ಬರಿಯಾಕಲ್ಲ."

"ಎಡಗೈ ಇದೆಯಲ್ಲ?"

ಸಿಟ್ಟಿಗೇ ಕಡ್ಡಿ ಎಳೆದುಕೊಂಡೆ. ಹಾಳೆಯ ನಡುವೆ ಒಂದು ಗೆರೆ ಎದ್ದಿತು, ದಪ್ಪಗೆ, ಸೊಟ್ಟಗೆ. ಏನು ಇದು ಎಂದು ಕೇಳಿದರು. ಗೂಟ ಎಂದೆ. ಹೇಳಿದ ಮೇಲೆಯೇ ನನಗೂ ಗೊತ್ತಾದದ್ದು. ಮುಂದಿನ ವಾರವೂ ಗೂಟ. ಅದರ ಮುಂದಿನ ವಾರವೂ ಗೂಟವೇ.

ಪಕ್ಕದಲ್ಲಿ ಕಂಪ್ಲಿಯ ಈರಣ್ಣ ಕೂರುತ್ತಿದ್ದರು, ಅಕ್ಕಿ ಗಿರಣಿಯ ಹಮಾಲರು. ಅವರ ತಮ್ಮ ನೀರು ಹರಿಯುತ್ತಿದ್ದ ಸೇತುವೆ ದಾಟಲು ಹೋಗಿ ಮರಳಿರಲಿಲ್ಲ. ಈರಣ್ಣ ಪ್ರತಿ ಸಲ ಆ ಸೇತುವೆಯನ್ನೇ ಬರೆಯುತ್ತಿದ್ದರು, ಮೇಲೆ ಒಬ್ಬ ಮನುಷ್ಯನೂ ಇಲ್ಲದೆ. ಅದಕ್ಕೇ ನಾನು ನನ್ನ ಗೂಟದ ಕತೆ ಯಾರಿಗೂ ಹೇಳಲಿಲ್ಲ. ಒಡಹುಟ್ಟಿದವನನ್ನು ಕಳೆದುಕೊಂಡವರ ಪಕ್ಕ ಕುಳಿತು ಹೊಳೆಯ ಪಾಲಾದ ಎತ್ತಿಗೆ ಅಳುವುದೆಂದರೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಮೇಡಂ ನೀರಿನ ಬಣ್ಣ ತಂದರು. ಎಲ್ಲರ ಮುಂದೆಯೂ ಒಂದೊಂದು ಬಟ್ಟಲು ನೀರು. ಬ್ರಷ್ ಅದ್ದಿದ ಕೂಡಲೇ ನನ್ನ ಬಟ್ಟಲಿನ ನೀರು ಕೆಂಪಗೆ ರಾಡಿಯಾಗಿ ತಿರುಗಿತು.

ಹೊಳೆಯ ಬಣ್ಣ.

ನಾನು ಓಡಿದೆ. ಗೇಟಿನ ಹತ್ತಿರ ಬೇವಿನ ಮರ ತಬ್ಬಿಕೊಂಡು ನಿಂತವಳನ್ನು ಮೇಡಂ ಕರೆತಂದರು. "ನನ್ನ ತಪ್ಪು. ನಿಮಗೆಲ್ಲಾ ನೀರು ಕೊಡಬಾರದಿತ್ತು, ಯೋಚನೆ ಮಾಡಲಿಲ್ಲ," ಎಂದರು. ಓದಿದವರು ತಪ್ಪು ಎಂದು ಒಪ್ಪಿಕೊಂಡದ್ದನ್ನು ನೋಡಿ ನನಗೆ ಅವರ ಮೇಲೆ ಮೊದಲ ಸಲ ನಂಬಿಕೆ ಬಂತು.

ಆಮೇಲೆ ಬಂದದ್ದು ಮಣ್ಣು. ದರೋಜಿ ಕಡೆಯಿಂದ ತರಿಸಿದ ಕೆರೆಯ ಮಣ್ಣು, ಹದವಾಗಿ ಕಲಸಿದ್ದು. ಎಡಗೈ ಅದನ್ನು ಮುದ್ದೆ ಮಾಡಿತು, ಬಲಮುಷ್ಟಿ ಗುದ್ದಿ ಗುದ್ದಿ ಹದ ಮಾಡಿತು. ತಿಂಗಳುಗಟ್ಟಲೆ ಕೆಲಸವಿಲ್ಲದೆ ಇದ್ದ ಮುಷ್ಟಿಗೆ ಒಂದು ಕೆಲಸ ಸಿಕ್ಕಿತ್ತು. ನೋಡಿದರೆ ಮುದ್ದೆಗೆ ಬೆನ್ನ ಮೇಲಿನ ಹಿಣಿಲು ಬಂದಿದೆ. ಕೊರಳು ಬಂದಿದೆ. ನಮ್ಮ ಕಡೆ ಕಾರಹುಣ್ಣಿಮೆ ಕಳೆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುತ್ತೇವೆ. ಚಿಕ್ಕಂದಿನಿಂದ ಮಾಡಿದ ಕೈ ಹೇಳದೆ ಕೇಳದೆ ಅದನ್ನೇ ಮಾಡಿತ್ತು.

"ಕೆಂಚ," ಎಂದೆ. ಅಳು ಬಂತು.

ಆ ದಿನ ಹೇಳಿದೆ. ನಮ್ಮ ಎತ್ತಿನ ಜೋಡಿ ಬಸವ, ಕೆಂಚ. ನೀರು ಬರುತ್ತಿದೆ ಎಂದು ಕೂಗು ಎದ್ದಾಗ ನಮ್ಮ ಮನೆಯವರು ಅತ್ತೆಯನ್ನು ಟ್ರ್ಯಾಕ್ಟರಿಗೆ ಹತ್ತಿಸಲು ಹೋದರು, ನಾನು ಕೊಟ್ಟಿಗೆಗೆ ಓಡಿದೆ. ಮೊಣಕಾಲುಮಟ್ಟ ನೀರು. ಬಸವನ ಹಗ್ಗ ಬಿಚ್ಚಿತು. ಕೆಂಚನದು ಬಿಚ್ಚಲಿಲ್ಲ. ತೊಯ್ದು ಉಬ್ಬಿ ಗಂಟು ಕಲ್ಲಾಗಿತ್ತು. ಕುಡುಗೋಲು ನೀರಿನಲ್ಲಿ ಎಲ್ಲೋ ಹೋಗಿತ್ತು. ಹಲ್ಲಿನಿಂದ ಕಚ್ಚಿದೆ. ಬಸವನನ್ನಾದರೂ ಉಳಿಸೋಣವೆಂದು ಅವನ ಹಗ್ಗ ಹಿಡಿದು ಎಳೆದೆ. ಬಾಗಿಲತನಕ ಬಂದ. ಕೆಂಚ ಒಳಗೆ ಕೂಗಿದ. ಬಸವ ಒಮ್ಮೆ ನಿಂತ, ಆಮೇಲೆ ನನ್ನನ್ನೂ ಎಳೆದುಕೊಂಡು ಒಳಗೇ ಹೋದ. ನೊಗಕ್ಕೆ ಜೊತೆ ಕೊಟ್ಟ ಎತ್ತು ಜೋಡಿಯನ್ನು ಬಿಟ್ಟು ಬರುವುದಿಲ್ಲ. ನೀರು ಸೊಂಟ ದಾಟಿತು. ನಮ್ಮ ಮನೆಯವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಗ್ಗದಿಂದ ಬಿಡಿಸಿ ಎಳೆದೊಯ್ದರು.

"ಕತ್ತರಿ ಇತ್ರಿ," ಎಂದೆ. "ಮಷೀನಿನ ಮ್ಯಾಲ. ಬಟ್ಟಿ ಕತ್ತರಿಸೋ ದೊಡ್ಡ ಕತ್ತರಿ. ಹತ್ತು ಹೆಜ್ಜಿ ದೂರದಾಗ. ದಿನಾ ಹಿಡಿಯೋ ಕತ್ತರಿ, ನನಗ ನೆನಪ ಆಗ್ಲಿಲ್ಲ."

ಈರಣ್ಣ ಏನನ್ನುತ್ತಾರೋ ಎಂದು ನನಗೆ ಅಂಜಿಕೆ. ಅವರು ಮುಖ ಎತ್ತಲಿಲ್ಲ.

"ಎತ್ತಂದ್ರ ಏನ್ ಕಮ್ಮೀನ ತಂಗಿ? ಮನಿಮಂದಿನ ಅಲ್ಲೇನು," ಎಂದರು.

ಎರಡು ಎತ್ತು ಮುಗಿಯುವ ಹೊತ್ತಿಗೆ ನನ್ನ ಹೆಬ್ಬೆರಳು ಸಡಿಲವಾಗಿತ್ತು. ತೋರುಬೆರಳು ಅರ್ಧ ಎದ್ದಿತ್ತು. ಅಕ್ಕ ಓಣಿಗೆಲ್ಲಾ ಸಕ್ಕರೆ ಹಂಚುವುದೊಂದು ಬಾಕಿ. ಎತ್ತುಗಳನ್ನು ಮನೆಗೆ ತಂದು ಕಿಟಕಿಯಲ್ಲಿ ಒಣಗಲು ಇಟ್ಟೆವು. ದಿನಾ ಎದ್ದು ಮೊದಲು ಅವುಗಳನ್ನು ನೋಡುತ್ತಿದ್ದೆ, ಇದ್ದಾವೋ ಇಲ್ಲವೋ ಎಂದು.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅತ್ತೆ ಊರಿನಿಂದ ಬಂದರು. ಕಿಟಕಿಯ ಎತ್ತುಗಳನ್ನು ನೋಡಿ, "ಎಷ್ಟ್ ಛಂದ ಮಾಡೀಯವ್ವ," ಎಂದು ಗಲ್ಲ ಸವರಿದರು. ನಾನೇ ಅವನ್ನು ಮಣೆಯ ಮೇಲೆ ಇಟ್ಟು ಕೊಟ್ಟೆ. ಅರಿಶಿನ, ಕುಂಕುಮ, ಹೂವು, ಕರಿಗಡಬಿನ ಎಡೆ. ಬಹಳ ದಿನದ ಮೇಲೆ ಹೊಟ್ಟೆ ತುಂಬಾ ಉಂಡೆ.

ಮರುದಿನ ಎದ್ದು ನೋಡಿದರೆ ಮಣೆ ಖಾಲಿ.

"ಎತ್ತು ಎಲ್ಲಿ ಅತ್ತಿ?"

"ಕಾಲುವಿಗೆ ಬಿಟ್ಟು ಬಂದ್ನೆವ್ವ. ಪೂಜಿ ಆದಮ್ಯಾಲ ನೀರಿಗೆ ಬಿಡಬೇಕಲ್ಲ."

ಹೌದು, ಬಿಡಬೇಕು. ನಮ್ಮಲ್ಲಿ ಅದೇ ಪದ್ಧತಿ. ನಾನೂ ಪ್ರತಿ ವರ್ಷ ಬಿಟ್ಟವಳೇ. ಪೂಜೆಗೆ ಇಡುವಾಗ ನನಗೆ ಅದು ಹೊಳೆಯಲೇ ಇಲ್ಲ, ಬಿಡುವಾಗ ಅತ್ತೆಗೆ ನನ್ನ ಹೆದರಿಕೆ ಹೊಳೆಯಲಿಲ್ಲ. ಮೇಡಂ ಊರ ಕಡೆ ಈ ಹಬ್ಬವೇ ಇಲ್ಲ, ಎಚ್ಚರಿಸಲು ಅವರಿಗೂ ಗೊತ್ತಿರಲಿಲ್ಲ.

ಬಸವ, ಕೆಂಚ ಮತ್ತೆ ನೀರಿಗೆ ಹೋದರು.

ಕೈ ಮುಚ್ಚಿಕೊಂಡಿತು, ಮೊದಲಿಗಿಂತ ಬಿಗಿಯಾಗಿ. ಉಗುರು ಅಂಗೈಗೆ ಇಳಿದು ಬೆರಳ ಸಂದಿಯಿಂದ ರಕ್ತ ಬಂತು. ಈ ಸಲ ಬಾಯಿಯೂ ನಿಂತಿತು. ಕೂಗಬೇಕೆಂದು ಬಾಯಿ ತೆರೆದೆ, ದನಿ ಹೊರಡಲಿಲ್ಲ. ನಾನು ಹೆದರಿಕೊಂಡು ಕಾದದ್ದು ಇದಕ್ಕೇ ಅಲ್ಲವೇ. ಕೈ ಆಯಿತು, ಬಾಯಿ ಆಯಿತು, ಇನ್ನು ಉಸಿರು ಬಾಕಿ ಎಂದು ಗೋಡೆಗೆ ಒರಗಿ ಕುಳಿತೆ. ಅಕ್ಕ ಅತ್ತೆಯ ಮೇಲೆ ಹರಿಹಾಯ್ದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಇಂಥದ್ದನ್ನು ಅವರು ಕೇಳಿದ್ದರು, ಕಣ್ಣಾರೆ ಕಂಡಿರಲಿಲ್ಲ.

ದನಿ ಎರಡು ದಿನದಲ್ಲಿ ಬಂತು. ಕೈ ಬರಲಿಲ್ಲ. ನಾನು ಇನ್ನು ಹಾಲಿಗೆ ಕಾಲಿಡುವುದಿಲ್ಲ ಎಂದೆ. ಅತ್ತೆ ಆಟೋ ಕರೆಸಿದರು.

"ನಾನೂ ಬರ್ತೀನಿ. ಆ ಮೇಡಮ್ಮನ ಕೂಡ ನಾ ಮಾತಾಡಬೇಕು."

ಜಗಳಕ್ಕೆ ಹೊರಟಿದ್ದಾರೆ ಎಂದುಕೊಂಡೆ. ಅವರು ಹೋಗಿ ಚಾಪೆಯ ಮೇಲೆ ಕುಳಿತು ಮಣ್ಣಿಗೆ ಕೈ ಹಾಕಿದರು. ಅತ್ತೆಯ ಕೈ ನನ್ನ ಹಾಗೆ ತಡವರಿಸುವ ಕೈಯಲ್ಲ. ನೋಡನೋಡುತ್ತಲೇ ಒಂದು ಎತ್ತು ಎದ್ದು ನಿಂತಿತು, ಕೆಂಚನಂತೆಯೇ ಎಡಗೊಂಬು ಕೆಳಗೆ ಬಾಗಿದ್ದು. ಮಣ್ಣಿನಲ್ಲೇ ಒಂದು ಗೂಟ ನೆಟ್ಟರು. ಆಮೇಲೆ ತಮ್ಮ ಸೀರೆಯಂಚಿನಿಂದ ಒಂದು ದಾರ ಹಿರಿದು ಎತ್ತಿನ ಕೊರಳಿಗೆ ಸುತ್ತಿ ಗೂಟಕ್ಕೆ ಗಂಟು ಹಾಕಿದರು. ಒಂದರ ಮೇಲೆ ಇನ್ನೊಂದು.

"ಹಿಂಗ ಹಾಕಿದ್ದೆ," ಎಂದರು.

ನನಗೆ ತಿಳಿಯಲಿಲ್ಲ.

"ಕೆಂಚಗ ಆವತ್ತು ನಾ ಕಟ್ಟಿದ್ದು. ಮಳಿಗೆ ಬೆದರಿ ಕಿತ್ತಗೊಂಡು ಮಂದಿ ಗದ್ದಿಗೆ ಹೋಗ್ತಾನಂತ ಜೋಡಗಂಟು ಹಾಕಿದ್ದೆ. ಬಸವನ್ನ ನೀ ಕಟ್ಟಿದ್ದಿ, ಅದು ಬಿಚ್ಚಿತು. ತೊಯ್ದ ಹಗ್ಗದ ಜೋಡಗಂಟು ಯಾರ ಕೈಲೂ ಬಿಚ್ಚಂಗಿಲ್ಲವ್ವ. ನಿನ್ನ ಕೈದೇನೂ ತಪ್ಪಿಲ್ಲ. ನಂದು." ಅವರು ದಾರದ ಗಂಟನ್ನು ಮುಟ್ಟಿ ತೋರಿಸಿದರು. "ನೀ ಅಳೋದು ನೋಡಿನೂ ಹೇಳಾಕ ಧೈರ್ಯ ಆಗಲಿಲ್ಲ."

ಅಷ್ಟು ದಿನ ಒಂದೇ ಕೊಟ್ಟಿಗೆಯಲ್ಲಿ ಇಬ್ಬರೂ ಮುಳುಗುತ್ತಿದ್ದೆವು, ಒಬ್ಬರಿಗೊಬ್ಬರು ಕಾಣದೆ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಈ ಮಾತು ಮೊದಲೇ ಹೇಳಿದ್ದರೆ ಎಂದು ಹಲ್ಲು ಕಚ್ಚಿದೆ. ಅದರ ಹಿಂದೆಯೇ ಆ ಮುದುಕಿಯ ಮೇಲೆ ಮರುಕವೂ ಬಂತು. ಕಣ್ಣು ತಪ್ಪಿಸಲು ಎತ್ತಿನ ಕೊರಳ ದಾರವನ್ನು ನೋಡುತ್ತಾ ಕುಳಿತೆ. ಹಸಿಮಣ್ಣಿಗೆ ದಾರ ತೊಯ್ದು ಗಂಟು ಬಿಗಿಯುತ್ತಿತ್ತು. ನೋಡಲಾಗಲಿಲ್ಲ. ಎಡಗೈಯಿಂದ ಕೆದಕಿದೆ. ಒಂದೇ ಕೈಗೆ ಗಂಟು ಬಿಚ್ಚುವುದಿಲ್ಲ, ಒಂದು ಕೈ ಹಿಡಿಯಬೇಕು, ಇನ್ನೊಂದು ಎಳೆಯಬೇಕು.

ಮೇಡಂ ಪೆಟ್ಟಿಗೆಯಿಂದ ಕತ್ತರಿ ತೆಗೆದರು. ಅತ್ತೆ ಅವರ ಕೈ ಹಿಡಿದರು.

"ಬ್ಯಾಡ್ರಿ. ಆಕಿ ಬಿಚ್ಚತಾಳ."

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಈರಣ್ಣ ತಮ್ಮ ಹಾಳೆ ಬದಿಗಿಟ್ಟು ನೋಡುತ್ತಿದ್ದರು. ನಾನು ಕೈ ನೋಡುತ್ತಿರಲಿಲ್ಲ, ಗಂಟು ನೋಡುತ್ತಿದ್ದೆ. ಮೊದಲ ಗಂಟು ಸಡಿಲವಾಯಿತು. ಎರಡನೆಯದು ಬಿಚ್ಚಿ ದಾರ ಕೆಳಗೆ ಬಿದ್ದಾಗ ಅತ್ತೆ ಜೋರಾಗಿ ಅತ್ತುಬಿಟ್ಟರು. ಆಗ ನೋಡಿಕೊಂಡೆ. ದಾರದ ಒಂದು ತುದಿ ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಇತ್ತು.

ವಾಸಿಯಾಯಿತು ಎಂದು ಬರೆಯಲು ನನಗೆ ಅಂಜಿಕೆ. ಮೂರು ಬೆರಳು ಪೂರಾ ತೆರೆಯುತ್ತವೆ. ಉಳಿದೆರಡು ಅರ್ಧ. ಸಿಂಟೆಕ್ಸ್ ತುಂಬುವ ಸದ್ದಿಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ, ಕಾಲು ಮಾತ್ರ ಮಂಚ ಹತ್ತುವುದಿಲ್ಲ. ಕತ್ತರಿಯನ್ನು ನಾನಿನ್ನೂ ಹಿಡಿದಿಲ್ಲ. ಅಕ್ಕ ಸೊಟ್ಟಸೊಟ್ಟ ಕತ್ತರಿಸಿ ಕಳಿಸುತ್ತಾಳೆ, ನಾನು ಬೈದುಕೊಂಡು ಹೊಲಿಯುತ್ತೇನೆ. ಅತ್ತೆ ಕೆಂಚನನ್ನು ಮಾಡಿದರು, ಬಸವನನ್ನು ನಾನು ಮಾಡಿದೆ. ಬಸವ, ಕೆಂಚ ಇಬ್ಬರ ಕೊರಳಿಗೂ ದಾರವಿಲ್ಲ. ಅವರನ್ನು ಹೊತ್ತುಕೊಂಡೇ ನಾನು ಬುಕ್ಕಸಾಗರಕ್ಕೆ ಮರಳಿದೆ. ಹೊಸ ಗೋಡೆಯ ಗೂಡಿನಲ್ಲಿ ಇಟ್ಟೆವು. ನೀರಿಗೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ.

ಈ ಶ್ರಾವಣದಲ್ಲಿ ಮತ್ತೆ ಗೇಟು ತೆಗೆದರು. ಹೊಳೆದಂಡೆಯವರು ಎಚ್ಚರವಾಗಿರಬೇಕೆಂದು ಮೈಕಿನ ಆಟೋ ಊರೊಳಗೆ ಕೂಗುತ್ತಾ ಹೋಯಿತು. ಬಲಗೈ ಮಡಚಿಕೊಳ್ಳಲು ಶುರುವಾದದ್ದು ನನಗೆ ತಿಳಿಯುತ್ತಿತ್ತು. ಅತ್ತೆ ಟ್ರ್ಯಾಕ್ಟರ್ ಹತ್ತಿ ಕುಳಿತು ನನ್ನ ಹೆಸರು ಹಿಡಿದು ಕೂಗಿದರು. ನಾನು ಗೂಡಿನ ಹತ್ತಿರ ಓಡಿದೆ. ಎಡಗೈಗೆ ಬಸವ. ಬಲಗೈಗೆ ಕೆಂಚ. ಮುಚ್ಚುತ್ತಿದ್ದ ಬೆರಳು ಅವನ ಮೈಸುತ್ತ ಮುಚ್ಚಿಕೊಂಡವು.

ಚಿತ್ತವಾಡ್ಗಿ ತನಕ ಹಾಗೇ ಹಿಡಿದಿದ್ದೆ. ಕಾಲುವೆ ಸೇತುವೆಯ ಮೇಲೆ ಕಣ್ಣು ಬಿಟ್ಟೇ ಇದ್ದೆ, ಇಬ್ಬರನ್ನೂ ಕಾಯಬೇಕಿತ್ತಲ್ಲ. ನೀರು ನಮ್ಮ ಗದ್ದೆಯ ಬದುವಿನ ತನಕ ಬಂದು ಇಳಿಯಿತೆಂದು ಆಮೇಲೆ ಸುದ್ದಿ ಬಂತು. ಆಗ ಅದು ಗೊತ್ತಿರಲಿಲ್ಲ. ಅಕ್ಕನ ಮನೆ ತಲುಪಿ ಬಸವನನ್ನು ಕಿಟಕಿಯಲ್ಲಿ ಇಟ್ಟೆ. ಇನ್ನು ಕೆಂಚ. ನನ್ನ ಭಯವೆಲ್ಲ ಅಲ್ಲಿಯೇ ಬಂದು ನಿಂತಿತು. ಹಿಡಿಯುವುದು ಈ ಕೈಗೆ ಮೊದಲಿಂದಲೂ ಗೊತ್ತಿತ್ತು. ಅಕ್ಕ, ಅತ್ತೆ, ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು, ಯಾರೂ ಹತ್ತಿರ ಬರಲಿಲ್ಲ, ಯಾರೂ ನನ್ನ ಬೆರಳು ಬಿಡಿಸಲಿಲ್ಲ.

ಕೆಂಚನನ್ನು ಬಸವನ ಪಕ್ಕಕ್ಕೆ ಒಯ್ದೆ. ಸ್ವಲ್ಪ ಹೊತ್ತು ಹಾಗೇ ಇದ್ದೆ.

ಕೈ ಬಿಟ್ಟಿತು.